ಕಾಕುವಿನ ಎರಡನೆಯ ಧ್ವನಿ

ಕಾಕುವಿನ ಕುತ್ತಿಗೆಯ ಬುಡದಲ್ಲಿ, ಮಂಗಳಸೂತ್ರದ ಕರಿಮಣಿಗಿಂತ ತುಸು ಮೇಲೆ, ತೆಳ್ಳನೆಯ ಬಿಳಿ ಬಟ್ಟೆಯೊಂದು ಸದಾ ಇಳಿಬಿದ್ದಿರುತ್ತಿತ್ತು. ಗಂಡನ ಹಳೆಯ ಧೋತರ ಹರಿದು ಅವರೇ ಹೊಲಿದುಕೊಂಡದ್ದು. ಅದರ ಹಿಂದೆ ಹಳೆಯ ಎಂಟಾಣೆ ನಾಣ್ಯದಷ್ಟು ಒಂದು ತೂತು. ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ಕಾಕು ಉಸಿರಾಡುತ್ತಿದ್ದದ್ದು ಮೂಗಿನಿಂದಲ್ಲ, ಆ ತೂತಿನಿಂದ. ಉಸಿರು ಎಳೆದುಕೊಂಡಾಗ ಬಟ್ಟೆ ಒಳಕ್ಕೆ ಅಂಟುತ್ತಿತ್ತು, ಬಿಟ್ಟಾಗ ಏಳುತ್ತಿತ್ತು. ಸಿಟ್ಟು ಬಂದರಂತೂ ಪಟಪಟ ಹಾರುತ್ತಿತ್ತು. ಡಾಕ್ಟರು ಮಾತು ತೆಗೆದರು, ಸಿಟ್ಟು ತೆಗೆಯಲು ಅವರಿಗೆ ಆಗಿರಲಿಲ್ಲ.

ತೆಲುಗು ನಾಡಿನ ಲಿಂಗಂಪಲ್ಲಿಯಲ್ಲಿ ನಮ್ಮದೂ ಅವರದೂ ಎದುರುಬದುರು ಬಾಗಿಲು. ನನಗೆ ಸಂಬಂಧವೇನೂ ಇಲ್ಲ. ಅವರು ವಿಜಯಪುರದ ಕಡೆಯವರು, ನಾನು ಬಾಗಲಕೋಟೆಯ ಕಡೆಯಿಂದ ಮದುವೆಯಾಗಿ ಬಂದವಳು. ಬಂದ ವಾರದಲ್ಲೇ ಬಾಗಿಲು ತಟ್ಟಿ, ‘ಒಳಗ ಯಾರರೆ ಮಾತಾಡೂ ಮಂದಿ ಅದೀರೇನು, ಬರೇ ಕುಕ್ಕರ್ ಸೀಟಿ ಅಷ್ಟ ಕೇಳಸ್ತೈತಿ’ ಅಂದಿದ್ದರು. ಅವತ್ತಿನಿಂದ ಅವರು ನನಗೆ ಕಾಕು, ಎಂದರೆ ಚಿಕ್ಕಮ್ಮ; ಅವರ ಗಂಡ ಕಾಕಾ. ಕಾಕಾ ಹುಟ್ಟುಕುರುಡರು. ಒಂದು ದೊಡ್ಡ ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್ ಆಗಿ ಕೆಲಸ ಮಾಡಿ ನಿವೃತ್ತರಾದವರು. ಮನೆಯಲ್ಲೂ ಯಾರಾದರೂ ಬಾಗಿಲಿಗೆ ಬಂದರೆ ‘ಹಲೋ, ಹೇಳ್ರಿ’ ಎನ್ನುವುದು ಅವರ ರೂಢಿ.

ಕಾಕುವಿನ ಬಾಯಿ ಮಾತ್ರ ಭಗವಂತ ಬಿಡುವಿಲ್ಲದೆ ಬಳಸಲೆಂದೇ ಕೊಟ್ಟದ್ದು. ತರಕಾರಿಯವನ ಸಂಗಡ ತೆಲುಗು, ಆಟೋದವನ ಸಂಗಡ ಹಿಂದಿ, ಹೊಸ್ತಿಲು ದಾಟಿ ಒಳಗೆ ಬಂದರೆ ಅಪ್ಪಟ ವಿಜಯಪುರದ ಕನ್ನಡ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಾನೊಮ್ಮೆ ಗಾದೆ ಹೇಳಿದರೆ, ‘ನನಗ ಮಾತೂ ಬರ್ತೈತಿ, ಜಗಳಾನೂ ಬರ್ತೈತಿ, ಯಾವುದ ಬೇಕು ಹೇಳು’ ಅಂದಿದ್ದರು. ಮಗಳು ಹುಟ್ಟಿದ ಮೇಲೆ ನಾನು ಮನೆಯಲ್ಲೇ ಮುದುಡಿ ಕೂತಿದ್ದಾಗ ಅಮೀರ್‌ಪೇಟೆಯ ಒಂದು ಕಂಪ್ಯೂಟರ್ ತರಬೇತಿ ಸಂಸ್ಥೆಯಲ್ಲಿ ಕಲಿಸುವ ಕೆಲಸ ಸಿಕ್ಕಿತು. ಹೋಗಲೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದರೆ ಕಾಕು ಕೂಸನ್ನು ನನ್ನ ತೊಡೆಯಿಂದ ಎತ್ತಿಕೊಂಡೇಬಿಟ್ಟರು. ‘ಹೋಗು. ಇಕಿನ್ನ ನಾ ನೋಡ್ಕೊಂತೀನಿ. ಮನ್ಯಾಗ ಕುಂತ್ರ ನಿನಗೂ ನುಸಿ ಹಿಡೀತೈತಿ, ಜ್ವಾಳಕ್ಕ ಹಿಡದಂಗ.’ ನನ್ನ ಮಗಳು ಮೊದಲು ಆಡಿದ ಮಾತು ಕನ್ನಡವಾಗಿದ್ದರೆ, ನನ್ನ ಕೈಯಲ್ಲಿ ಇವತ್ತು ಒಂದು ಕೆಲಸ ಇದ್ದರೆ, ಅದು ಆ ಹೆಂಗಸಿನ ಪುಣ್ಯ.

ಕಾಕಾ ಈ ಕಾಕುವನ್ನು ಮದುವೆಯಾದದ್ದೂ ಮಾತಿಗೇ. ಕನ್ಯಾ ನೋಡಲು ಹೋದಾಗ ಹುಡುಗಿಯಿಂದ ಹಾಡು ಹೇಳಿಸುವ ಪದ್ಧತಿ. ಗಂಡಿನ ಕಡೆಯ ಹಿರಿಯರು ‘ಒಂದು ಹಾಡು ಅನ್ನವಾ’ ಅಂದರಂತೆ. ಕಾಕಾ ತಡೆದು, ‘ಹಾಡು ಬ್ಯಾಡ್ರಿ. ಹಾಡು ಎಲ್ಲಾರೂ ಕಲ್ತ ಬಂದಿರ್ತಾರ. ಅಕಿ ಸುಮ್ಕ ಏನರೆ ಮಾತಾಡ್ಲಿ’ ಅಂದರು. ಕಾಕು ಕಾಕಾನ ಕೈಯಿಂದ ತಾಟು ತೆಗೆದುಕೊಂಡು, ‘ಉಪ್ಪಿಟ್ಟು ಉಪ್ಪಾಗೇತಿ. ಎಲ್ಲಾರೂ ಮಾರಿ ಸಣ್ಣ ಮಾಡ್ಕೊಂಡ ತಿನ್ನಾಕತ್ತಾರ, ನಿಮಗ ಕಾಣಸಂಗಿಲ್ಲ ಅಂತ ಯಾರೂ ಹೇಳವೊಲ್ರು. ಬಿಡ್ರಿ, ತಿನಬ್ಯಾಡ್ರಿ’ ಅಂದರಂತೆ. ಕಾಕಾ ಆ ಕ್ಷಣವೇ ಒಪ್ಪಿದರು. ಕಾಣದ್ದನ್ನು ಮುಚ್ಚಿಡದೆ ಹೇಳುವ ಒಂದು ಬಾಯಿ ತನಗೆ ಬೇಕಿತ್ತು, ಸಿಕ್ಕಿತು ಎಂದು ನನ್ನ ಮುಂದೆ ಎಷ್ಟೋ ಸಲ ಹೇಳಿದ್ದಾರೆ. ಬಾಳುದ್ದಕ್ಕೂ ಮುಂಜಾನೆ ಪೇಪರ್ ಓದಿ ಹೇಳಿದ್ದು ಕಾಕು, ರಸ್ತೆಯಲ್ಲಿ ಎದುರು ಬಂದವರ ಮುಖ ಬಾಡಿದೆಯೋ ನಕ್ಕಿದೆಯೋ ಹೇಳಿದ್ದು ಕಾಕು, ಅಂಗಿಯ ಬಣ್ಣ ಹೇಳಿದ್ದು ಕಾಕು.

ಅಂಥವರ ಗಂಟಲಿಗೇ ರೋಗ ಬಂತು. ದೇವರಿಗೆ ಬೇರೆ ಜಾಗ ಸಿಗಲಿಲ್ಲವೇ ಎಂದು ನಾನು ಇವತ್ತಿಗೂ ಕೇಳುತ್ತೇನೆ. ಆಪರೇಷನ್ನಿನ ಹಿಂದಿನ ದಿನ ಮಗ ಫೋನ್ ಹಿಡಿದು, ‘ಅವ್ವಾ, ರೆಕಾರ್ಡ್ ಮಾಡ್ಕೊಂತೀನಿ, ಏನರೆ ಮಾತಾಡು’ ಎಂದ. ಮಗನಿಗೆ ಬೇಗಂ ಬಜಾರಿನಲ್ಲಿ ಸ್ಟೀಲ್ ಪಾತ್ರೆಗಳ ಸಗಟು ಅಂಗಡಿ. ಒಳ್ಳೆಯ ಮನುಷ್ಯ, ಅವಸರದ ಮನುಷ್ಯ. ಕಾಕು ಫೋನನ್ನು ಒಮ್ಮೆ ನೋಡಿ, ‘ಎದುರಿಗೆ ಯಾರೂ ಇಲ್ಲದ ಏನ್ ಮಾತಾಡ್ಲಿ? ತೆಗಿ ಅತ್ತಾಗ’ ಎಂದು ಎದ್ದು ಹೋದರು.

ಕಾಕು ಆಸ್ಪತ್ರೆಯಿಂದ ಮನೆಗೆ ಬಂದರು. ಮಾತಾಡಲಾಗದ ಹೆಂಡತಿ, ನೋಡಲಾಗದ ಗಂಡ. ಕಾಕು ಸನ್ನೆ ಮಾಡಿದರೆ ಕಾಕಾನಿಗೆ ಕಾಣುವುದಿಲ್ಲ. ಚೀಟಿ ಬರೆದರೂ ಅಷ್ಟೇ. ಒಂದು ಮಧ್ಯಾಹ್ನ ನಾನು ಹೋದಾಗ ಕಾಕು ಗಂಡನ ಅಂಗೈ ಬಿಡಿಸಿ ಹಿಡಿದು ಬೆರಳಿನಿಂದ ಅಕ್ಷರ ಬರೆಯುತ್ತಿದ್ದರು. ಬರೆದು ಕಾಯುವರು, ಒರೆಸುವರು, ಮತ್ತೆ ಬರೆಯುವರು. ಕಾಕಾನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ‘ಏನ್ ಬರೀತಿ ಮಾರಾಯ್ತಿ? ನನಗ ಅಕ್ಷರ ಹೆಂಗಿರ್ತಾವ ಅಂತ ಗೊತ್ತಿಲ್ಲ.’ ಹೌದಲ್ಲ! ಅವರಿಗೆ ಗೊತ್ತಿದ್ದದ್ದು ಶಾಲೆಯಲ್ಲಿ ಕಲಿತ ಚುಕ್ಕೆಯ ಬ್ರೈಲ್. ‘ಅ’ ಹೇಗೆ ಸುತ್ತುತ್ತದೆ, ‘ಕ’ ಹೇಗೆ ನಿಲ್ಲುತ್ತದೆ ಎಂದು ಯಾರೂ ಅವರಿಗೆ ತೋರಿಸಿರಲೇ ಇಲ್ಲ. ಅಷ್ಟು ವರ್ಷ ಸಂಸಾರ ಮಾಡಿದವರಿಗೆ ಅದು ಹೊಳೆದದ್ದೇ ಅವತ್ತು. ಕಾಕು ಗಂಡನ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಕೂತುಬಿಟ್ಟರು.

ಆಗ ನಮ್ಮ ಸಂಸ್ಥೆಯಲ್ಲಿ ಹಳೆಯ ಕಂಪ್ಯೂಟರುಗಳನ್ನು ತೆಗೆದುಹಾಕುತ್ತಿದ್ದರು. ಒಂದನ್ನು ಕೇಳಿ ತಂದೆ. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ, ಕಣ್ಣಿಲ್ಲದವರು ಬಳಸುವ ಪುಕ್ಕಟೆ ತಂತ್ರಾಂಶ ಹಾಕಿದೆ. ಕೀಲಿಗಳ ಮೇಲೆ ಕನ್ನಡ ಅಕ್ಷರ ಬರೆದ ಕಾಗದ ಅಂಟಿಸಿದೆ. ಕಾಕು ಟೈಪ್ ಮಾಡಿದರೆ ಕಂಪ್ಯೂಟರ್ ಮಾತಾಡುತ್ತದೆ, ಕಾಕಾ ಕೇಳುತ್ತಾರೆ. ಆಗ ಅದಕ್ಕೆ ಸಿಗುತ್ತಿದ್ದ ಕನ್ನಡದ ಧ್ವನಿ ಒಂದೇ, ಗಂಡಸಿನದು. ಅದೂ ಎಂಥದ್ದು? ಮೂಗು ಕಟ್ಟಿದ ಪೊಲೀಸಪ್ಪ ತಗಡಿನ ಡಬ್ಬಿಯೊಳಗೆ ಕೂತು ಗದರಿದ ಹಾಗೆ. ಕಾಕು ಎರಡೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಮೊದಲ ಸಲ ಬರೆದದ್ದು ‘ಊಟ ಮಾಡ್ರಿ’. ಡಬ್ಬಿ ಗುಡುಗಿತು. ಕಾಕಾ ಕುರ್ಚಿಯಿಂದ ಅರ್ಧ ಎದ್ದರು. ಆಮೇಲೆ ಎಷ್ಟು ನಕ್ಕರೆಂದರೆ ಕೆಮ್ಮು ಬಂತು. ‘ಅಲ್ಲ ತಂಗಿ, ನನ್ನ ಹೆಂಡತಿ ಫೌಜದಾರ ಆಗ್ಯಾಳಲ್ಲ!’

ಬಹಳ ದಿನ ಬೇಕಾಗಲಿಲ್ಲ, ಆ ಫೌಜದಾರ ಕಾಕುವೇ ಆದ. ಎಲ್ಲಿ ತಡೆದರೆ ಬೈಗುಳಕ್ಕೆ ಖಾರ ಬರುತ್ತದೆ, ಯಾವ ಅಕ್ಷರ ಎಳೆದರೆ ಚೇಷ್ಟೆ ಆಗುತ್ತದೆ, ಎಲ್ಲ ಕಂಡುಕೊಂಡರು. ಕಾಕಾ ಕೀಲಿಗಳ ಸಪ್ಪಳದ ಮೇಲೇ, ‘ಇವತ್ತ ಸಿಟ್ಟಿನ್ಯಾಗ ಅದಾಳ’ ಎಂದು ಮೊದಲೇ ತಿಳಿಯುತ್ತಿದ್ದರು. ಒಮ್ಮೆ ಕಾಕು ಸ್ಪೀಕರನ್ನು ಬಾಲ್ಕನಿಯಲ್ಲಿ ಇಟ್ಟು ಕೆಳಗಿನ ತರಕಾರಿಯವನಿಗೆ ‘ಬೆಂಡಕಾಯ ಎಂತ?’ ಎಂದು ಬೆಲೆ ಕೇಳಿಸಿದರು. ಆ ತೆಲುಗು ಕೇಳಿ ಅವನು ಗಾಡಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು, ‘ಎವರಂಡಿ ಅದಿ?’ ಎಂದು, ಯಾರದೆಂದು ಹುಡುಕುತ್ತ ಮೇಲೆ ನೋಡಿದ. ಕಾಕು ಕಂಬಿ ಹಿಡಿದು ಸದ್ದಿಲ್ಲದೆ ನಗುತ್ತಿದ್ದರು. ಬಟ್ಟೆ ಹಾರುತ್ತಿತ್ತು.

ಕಣ್ಣಿದ್ದ ನಮ್ಮಂಥವರ ಜೊತೆ ಚೀಟಿಯಲ್ಲಿ ಬರೆದು ಮಾತಾಡಬಹುದಿತ್ತು. ಕಾಕು ಒಂದು ದಿನವೂ ಹಾಗೆ ಮಾಡಲಿಲ್ಲ. ನಾನೊಮ್ಮೆ ಪೆನ್ನು ಕೊಡಹೋದರೆ ಕೈ ತಳ್ಳಿ ಟೈಪ್ ಮಾಡಿದರು: ‘ಇವರಿಗೆ ಕೇಳದ ಮಾತು ಈ ಮನ್ಯಾಗ ಬ್ಯಾಡ.’

ಒಂದೇ ಒಂದು ತೊಂದರೆ ಇತ್ತು. ಅದೇ ಕಂಪ್ಯೂಟರಿನಲ್ಲಿ ಕಾಕಾ ಪೇಪರ್ ಕೇಳುತ್ತಿದ್ದರು, ಪಿಂಚಣಿಯ ಲೆಕ್ಕ ನೋಡುತ್ತಿದ್ದರು. ಅದೆಲ್ಲವೂ ಅದೇ ಧ್ವನಿಯಲ್ಲೇ ಬರುತ್ತಿತ್ತು. ‘ಈಗ ಅಂದದ್ದು ನೀನೋ, ಪೇಪರೋ?’ ಎಂದು ಕಾಕಾ ಕೇಳುವರು. ಅದಕ್ಕೆ ಕಾಕು ಒಂದು ಉಪಾಯ ಮಾಡಿಕೊಂಡಿದ್ದರು. ತನ್ನ ಮಾತು ಬರುವ ಮೊದಲು ಗಂಡನ ತೋಳನ್ನು ಒಮ್ಮೆ ಒತ್ತುತ್ತಿದ್ದರು. ತೋಳು ಒತ್ತಿದರೆ ಹೆಂಡತಿ, ಇಲ್ಲದಿದ್ದರೆ ಲೋಕ.

ಹಾಗೆ ವರ್ಷಗಳು ಹೋದವು. ಆಮೇಲೆ ಒಂದು ತಪಾಸಣೆಯಲ್ಲಿ ರೋಗ ಮರಳಿರುವುದು, ಈ ಸಲ ಶ್ವಾಸಕೋಶಕ್ಕೆ ಬಂದಿರುವುದು ತಿಳಿಯಿತು. ಇನ್ನೊಂದು ಆಪರೇಷನ್ ಸಾಧ್ಯವಿಲ್ಲ ಎಂದರು. ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಅದೇ ದಿನಗಳಲ್ಲಿ ಒಂದು ರಜೆಯ ದಿನ ನಾನು ಅಲ್ಲಿಗೆ ಹೋಗಿದ್ದೆ. ಕಾಕು ಏನೋ ಹೇಳಲು ಗಂಡನ ತೋಳು ಒತ್ತಿ ಕೀಲಿಗಳ ಮೇಲೆ ಕೈಯಿಟ್ಟಿದ್ದರು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಸಂದೇಶ ತಾನಾಗಿಯೇ ಮೂಡಿತು. ಡಬ್ಬಿ ಓದಿತು: ‘ಬೆಂಬಲ ಕೊನೆಗೊಳ್ಳುತ್ತಿದೆ. ಇನ್ನು ಮುಂದೆ ದುರಸ್ತಿ ಇರುವುದಿಲ್ಲ. ಮುಂದೇನು ಮಾಡಬೇಕೆಂದು ಈಗಲೇ ನಿರ್ಧರಿಸಿ.’

ಕಾಕಾನ ಮುಖ ಬಿಳಿಚಿತು. ಹೆಂಡತಿಯ ಕೈ ತಡಕಿ ಹಿಡಿದರು. ‘ಯಾರಂದ್ರು? ಡಾಕ್ಟರ್ ಅಂದ್ರೇನು? ಯಾವಾಗ ಅಂದ್ರು? ನನಗ ಯಾಕ ಹೇಳಲಿಲ್ಲ ನೀ?’

ನಾನು ‘ಅಲ್ರಿ ಕಾಕಾ, ಅದು ಕಂಪ್ಯೂಟರಿನ ಸಂದೇಶ’ ಎಂದು ಕೂಗಿಕೊಂಡೆ. ಅವರಿಗೆ ನಂಬಿಕೆ ಬರಲು ಬಹಳ ಹೊತ್ತು ಹಿಡಿಯಿತು. ಕಾಕು ಮೊದಲು ನಕ್ಕರು. ಆಮೇಲೆ ಗಂಡ ಇನ್ನೂ ತನ್ನ ಕೈ ಬಿಡದಿರುವುದನ್ನು ನೋಡಿದರು. ನಗು ನಿಂತಿತು. ಅವರು ಆ ಯಂತ್ರವನ್ನು ಬೇರೆ ಕಣ್ಣಿನಿಂದ ನೋಡತೊಡಗಿದ್ದು ಆಗಿನಿಂದಲೇ ಎಂದು ನನಗೆ ಈಗ ಅನಿಸುತ್ತದೆ.

ಸಂಗತಿ ಇಷ್ಟೇ. ಕಂಪ್ಯೂಟರ್ ನಡೆಸುವ ಆ ಹಳೆಯ ವ್ಯವಸ್ಥೆಯನ್ನು ತಯಾರಿಸಿದವರು ಇನ್ನು ಅದನ್ನು ನೋಡಿಕೊಳ್ಳುವುದಿಲ್ಲ ಎಂದಿದ್ದರು. ನಾನು ಕಾಕಾನಿಗೆ ಬಿಡಿಸಿ ಹೇಳಿದೆ: ‘ವಾಚ್‌ಮನ್ ಕೆಲಸ ಬಿಟ್ಟಂಗ್ರಿ. ಮನಿ ಬೀಳಂಗಿಲ್ಲ. ಆದ್ರ ಕಳ್ಳ ಬಂದ್ರ ಕೇಳಾವ್ರು ಇರಂಗಿಲ್ಲ.’ ಪಿಂಚಣಿಯ ವ್ಯವಹಾರವೆಲ್ಲ ಅದರಲ್ಲೇ ಇತ್ತು. ಹೊಸ ವ್ಯವಸ್ಥೆ ಹಾಕೋಣವೆಂದರೆ ಆ ಮುದಿ ಯಂತ್ರಕ್ಕೆ ಅದನ್ನು ತಾಳುವ ಶಕ್ತಿಯಿಲ್ಲ. ಹಾಗೇ ಬಿಡಬೇಕು, ಇಲ್ಲವೇ ಇಂಟರ್‌ನೆಟ್ ಕಿತ್ತು ಬರೀ ಮಾತಿಗೆ ಇಟ್ಟುಕೊಳ್ಳಬೇಕು, ಇಲ್ಲವೇ ಹೊಸದು ಕೊಳ್ಳಬೇಕು.

ಮಗ ಕೇಳಿದವನೇ ಮರುದಿನ ಹೊಸ ಲ್ಯಾಪ್‌ಟಾಪ್ ತಂದ. ಅದರಲ್ಲಿ ಹೊಸ ಕನ್ನಡದ ಧ್ವನಿ ಇತ್ತು, ಎಳೆಯ ಹೆಣ್ಣುಮಗಳದು, ಸಕ್ಕರೆ ಪಾಕ. ‘ಕೇಳಪ್ಪಾ, ಅವ್ವಗ ಮತ್ತ ಹೆಣ್ಣಧ್ವನಿ ಬಂತು!’ ಎಂದು ಅವನಿಗೆ ಹಿಗ್ಗೋ ಹಿಗ್ಗು. ಕಾಕುವನ್ನು ಕೂರಿಸಿ ಏನೋ ಟೈಪ್ ಮಾಡಿಸಿದ. ಪಾಕ ಹರಿಯಿತು: ‘ಚಹಾ ಕುಡೀರಿ.’

ಕಾಕಾ ಕುರ್ಚಿ ಹಿಂದೆ ಸರಿಸಿದರು. ‘ಯಾರಿದು ಹುಡುಗಿ? ನಮ್ಮನ್ಯಾಗ ಯಾಕ ಬಂದಾಳ?’

‘ಅವ್ವ ಅಪ್ಪಾ, ಅವ್ವ ಬರದದ್ದ ಅದು.’

‘ನನ್ನ ಹೆಂಡತಿ ಹಿಂಗ ಮಾತಾಡಂಗಿಲ್ಲ. ಅಕಿ ಚಹಾ ಕುಡೀರಿ ಅಂದ್ರ ಕಪ್ಪು ಒಡದಂಗ ಇರಬೇಕು.’

ಮಗನ ಮುಖ ಇಳಿಯಿತು. ಅವನನ್ನು ನೋಡಲಾರದೆ ನಾನೇ ದಾರಿ ಹೇಳಿದೆ. ಹಳೆಯ ಫೌಜದಾರನ ಧ್ವನಿ ಪುಕ್ಕಟೆಯಾಗಿ ಸಿಗುತ್ತದೆ, ಅದನ್ನು ಹೊಸ ಲ್ಯಾಪ್‌ಟಾಪಿಗೂ ಹಾಕಬಹುದು. ಯಂತ್ರ ಹೊಸದು, ಧ್ವನಿ ಹಳೆಯದು. ಕಾಕಾ ‘ಹಂಗಿದ್ರ ಚಿಂತಿ ಯಾತರದು, ಹಾಕಿಬಿಡವಾ’ ಎಂದರು. ಮಗ ‘ಶಾಬಾಸ್ ತಂಗಿ’ ಎಂದ. ಅಂಗಡಿಗೆ ಮಾಲು ಬಂದಿದೆ ಎಂದು ಫೋನ್ ಬಂತು, ಸಮಾಧಾನದಿಂದ ಹೊರಟುಹೋದ. ಎಲ್ಲ ಬಗೆಹರಿಯಿತು. ಆ ಧ್ವನಿ ಯಾರದೋ ಅವರನ್ನು ಮಾತ್ರ ನಾವು ಯಾರೂ ಕೇಳಿರಲಿಲ್ಲ.

ನಾನು ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದಂತೆ ಕಾಕು ಅದರ ಮುಚ್ಚಳವನ್ನು ಪಟ್ ಎಂದು ಮುಚ್ಚಿದರು. ಬಟ್ಟೆ ಏರಿಳಿಯುತ್ತಿತ್ತು. ಹಳೆಯ ಯಂತ್ರದ ಮುಂದೆ ಹೋಗಿ ಕೂತು, ಗಂಡನನ್ನು ಪಕ್ಕಕ್ಕೆ ಎಳೆದುಕೊಂಡು, ತೋಳು ಒತ್ತಿದರು. ‘ಬ್ಯಾಡ’ ಎಂದಿತು ಡಬ್ಬಿ.

‘ಏನ್ ಬ್ಯಾಡ?’

ಕಾಕು ಬಹಳ ಹೊತ್ತು ಟೈಪ್ ಮಾಡಿದರು. ಒಂದೊಂದೇ ಸಾಲು ಬರುತ್ತಿತ್ತು, ನಡುವೆ ಕೀಲಿಗಳ ಸಪ್ಪಳ.

‘ಈ ಧ್ವನಿ ಹೊಸದಕ್ಕ ಹಾಕೂದು ಬ್ಯಾಡ. ನಾ ಕುಂತೀನಿ, ಇದು ಮಾತಾಡ್ತೈತಿ. ಖರೇ. ನಾಳಿ ನಾ ಇರಂಗಿಲ್ಲ. ಆಗೂ ಇದು ಮಾತಾಡ್ತೈತಿ. ಬಂಗಾರದ ರೇಟ್ ಹೇಳ್ತೈತಿ. ಕರೆಂಟ್ ಬಿಲ್ ಹೇಳ್ತೈತಿ. ನೀವು ಹೂಂ ಅಂತೀರಿ. ನಿಮ್ಮ ಹೂಂ ಇದಕ್ಕ ಕೇಳಸಂಗಿಲ್ಲ. ಹಂಗ ಆಗಬಾರದು.’

‘ಹೋಗೂ ಮಾತು ಯಾಕ ಆಡ್ತಿ?’ ಕಾಕಾ ಗದರಿದರು. ಅವರು ಗದರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ಅವರ ಧ್ವನಿ ಕುಸಿಯಿತು. ‘ಬಿಡು. ನನಗ ಅಷ್ಟರೆ ಉಳೀಲಿ.’

ಕೀಲಿಗಳು ಸಪ್ಪಳ ಮಾಡಿದವು. ‘ಉಳಿಯೂದು ನಾನಲ್ಲ.’

ಕಾಕಾ ಎದ್ದು ಗೋಡೆ ಹಿಡಿದುಕೊಂಡು ಬಾಲ್ಕನಿಗೆ ಹೋದರು. ನನಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ. ಕಾಕು ನನ್ನನ್ನು ಬಿಡಲಿಲ್ಲ. ಮುಂದಿನದನ್ನು ಬಾಲ್ಕನಿಗೂ ಕೇಳಿಸುವ ಹಾಗೆ ಸ್ಪೀಕರಿನ ದನಿ ಏರಿಸಿ ಹೇಳಿದರು. ಹಳೆಯದರ ಇಂಟರ್‌ನೆಟ್ ಕಿತ್ತುಬಿಡು. ಅದು ಇನ್ನು ನನ್ನ ಮಾತಿಗೆ ಮಾತ್ರ. ಪೇಪರ್, ಪಿಂಚಣಿ, ಬಿಲ್ಲು ಎಲ್ಲಾ ಹೊಸದರಲ್ಲಿ, ಆ ಹುಡುಗಿಯ ಧ್ವನಿಯಲ್ಲೇ. ಇವರು ಅದಕ್ಕೆ ಹೊಂದಿಕೊಳ್ಳಬೇಕು, ನಾನು ಇದ್ದಾಗಲೇ, ನನ್ನ ಎದುರಿಗೇ.

ಕಾಕಾ ಒಪ್ಪಿದರೆಂದು ನಾನು ಹೇಳಲಾರೆ. ಮರುದಿನ ನಾನು ಹೋದಾಗ ಲ್ಯಾಪ್‌ಟಾಪಿನ ಮುಂದೆ ಮುಖ ಗಂಟು ಹಾಕಿಕೊಂಡು ಕೂತಿದ್ದರು, ಅಷ್ಟೆ. ಆ ಹೊಸ ಧ್ವನಿಗೆ ‘ಸೊಸಿ’ ಎಂದು ಹೆಸರಿಟ್ಟಿದ್ದರು. ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ನಡೆದದ್ದು ಅಪ್ಪಟ ಅತ್ತೆ ಸೊಸೆಯ ಸಂಸಾರ. ಸೊಸೆ ಪೇಪರ್ ಓದುವಳು. ಕಾಕಾ ತಪ್ಪು ಕೀಲಿ ಒತ್ತುವರು. ಹಳೆಯ ಡಬ್ಬಿಯಿಂದ ಅತ್ತೆ ಗುಡುಗುವರು: ‘ಅದಲ್ರಿ, ಅದರ ಬಾಜೂಕಿಂದು.’ ಸೊಸೆ ಊರಿನ ಹೆಸರು ಕೆಡಿಸಿದರೆ, ‘ಎಲ್ಲಿಂದ ತಂದೀರಿ ಇಕಿನ್ನ, ಬಾಯಾಗ ನೀರು ಇಟ್ಕೊಂಡ ಮಾತಾಡ್ತಾಳ’ ಎನ್ನುವರು. ಕಾಕಾ ನಗುವರು. ನಾನೂ ನಗುತ್ತಿದ್ದೆ. ನಕ್ಕು ನನ್ನ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅಳುತ್ತಿದ್ದೆ. ಯಾಕೆಂದರೆ ಕಾಕು ದಿನದಿಂದ ದಿನಕ್ಕೆ ಕರಗುತ್ತಿದ್ದರು. ಗಂಡನಿಗೆ ತಾನಿಲ್ಲದೆ ಬದುಕುವುದನ್ನು ಅವರು ಕಲಿಸುತ್ತಿದ್ದರು, ಅದೂ ಬೈದು ಬೈದು.

ಕೊನೆಕೊನೆಗೆ ಬೆರಳುಗಳಿಗೆ ಕೀಲಿ ಒತ್ತುವ ಬಲವೂ ಉಳಿಯಲಿಲ್ಲ. ಮಂಚದ ಪಕ್ಕಕ್ಕೆ ತಂದಿಟ್ಟ ಹಳೆಯ ಯಂತ್ರದಲ್ಲಿ ಅವರು ಕೊನೆಯದಾಗಿ ಟೈಪ್ ಮಾಡಿದ್ದು ದೊಡ್ಡ ಮಾತೇನೂ ಅಲ್ಲ. ‘ಇವರ ಅಂಗಿ ಗುಂಡಿ ಹರದೈತಿ, ಯಾರರೆ ನೋಡ್ರಿ’ ಎಂದು. ನಾನೇ ಹೊಲಿದುಕೊಟ್ಟೆ. ಆಮೇಲೆ ಮೂರ್ನಾಲ್ಕು ದಿನ ಆ ಮನೆಯಲ್ಲಿ ಯಾವ ಧ್ವನಿಯೂ ಇರಲಿಲ್ಲ. ಕಾಕಾ ಮಂಚದ ಅಂಚಿಗೆ ಕೂತು ಹೆಂಡತಿಯ ಕುತ್ತಿಗೆಯ ಬಟ್ಟೆಯ ಮೇಲೆ ಎರಡು ಬೆರಳು ಹಗುರವಾಗಿ ಇಟ್ಟುಕೊಂಡಿರುತ್ತಿದ್ದರು. ಒಂದು ಬೆಳಿಗ್ಗೆ, ಹಾಲಿನವನು ಬಂದು ಹೋದ ಸ್ವಲ್ಪ ಹೊತ್ತಿಗೆ, ನನ್ನನ್ನು ಕರೆದರು. ‘ಬಾರವಾ. ನಿಂತೈತಿ.’ ಅಷ್ಟೇ ಹೇಳಿದರು.

ನನ್ನನ್ನು ಹೆತ್ತವಳಲ್ಲ, ನನ್ನ ರಕ್ತವಲ್ಲ. ಆದರೆ ಅವತ್ತು ನಾನು ತಬ್ಬಲಿಯಾದೆ. ಇದನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ದಿನಕರ್ಮಗಳು ಮುಗಿದವು. ಹಳೆಯ ಯಂತ್ರದ ವೈರು ಬಿಚ್ಚಿಸಿ, ಕಾಕಾ ಅದನ್ನು ಕಪಾಟಿನ ಕೆಳಗೆ ಇಡಿಸಿದರು. ಮಗ ಅಪ್ಪನನ್ನು ತನ್ನ ಮನೆಗೆ ಕರೆದ, ಅವರು ಹೋಗಲಿಲ್ಲ. ಅಡುಗೆಗೆ ಒಬ್ಬ ಹೆಂಗಸು ಬರುವ ಏರ್ಪಾಡಾಯಿತು. ಕಾಕಾ ದಿನವಿಡೀ ಸುಮ್ಮನೆ ಕೂತಿರುವುದನ್ನು ನೋಡಲಾರದೆ ಮಗ ಒಂದು ಕೆಲಸ ಮಾಡಿದ. ಕಾಕು ಬೇಡವೆಂದ ದಿನ ಅವನು ಅಂಗಡಿಗೆ ಹೋಗಿದ್ದನಲ್ಲ, ಆ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಮಾರ್ಕೆಟ್ಟಿನ ಯಾವನೋ ಕಂಪ್ಯೂಟರಿನವನನ್ನು ಕರೆತಂದು, ಆ ಹಳೆಯ ಧ್ವನಿಯನ್ನೇ ಲ್ಯಾಪ್‌ಟಾಪಿಗೆ ಹಾಕಿಸಿದ. ಮೆಟ್ಟಿಲಲ್ಲಿ ನಾನು ಎದುರಾದಾಗ ಅವನ ಕಣ್ಣಲ್ಲಿ ನೀರಿತ್ತು. ‘ತಂಗಿ, ಅಪ್ಪಗ ಅವ್ವನ ಧ್ವನಿ ಮತ್ತ ತಂದ ಕೊಟ್ಟೀನಿ’ ಎಂದ. ನಾನು ಅವನಿಗೆ ಏನೆಂದು ಹೇಳಲಿ? ಮಗ ಅವ್ವನನ್ನು ಕಳೆದುಕೊಂಡವನು. ದಾರಿ ಬಿಟ್ಟು ಸರಿದೆ.

ಮರುದಿನ ಮುಂಜಾನೆ ನಾನು ಅಮೀರ್‌ಪೇಟೆಗೆ ಹೊರಟು ಬಾಗಿಲಿಗೆ ಬೀಗ ಹಾಕುತ್ತಿದ್ದಾಗ ಎದುರುಗಡೆ ಬಾಗಿಲು ತೆರೆಯಿತು. ಕಾಕಾ ನಿಂತಿದ್ದರು. ‘ಹಲೋ’ ಅನ್ನಲಿಲ್ಲ. ‘ಒಂದೀಟು ಒಳಗ ಬಾ’ ಅಂದರು.

ಲ್ಯಾಪ್‌ಟಾಪ್ ಮೇಜಿನ ಮೇಲೆ ತೆರೆದಿತ್ತು. ಅವರು ಕೂತು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡರು.

‘ನಿನ್ನಿ ಪೂರ್ತಿ ಪೇಪರ್ ಕೇಳಿದೆ ತಂಗಿ. ಬಂಗಾರದ ರೇಟ್ ಹೇಳಿದ್ಲು. ಎಲ್ಲೋ ಬಸ್ ಬಿದ್ದದ್ದು ಹೇಳಿದ್ಲು. ಸೀರಿ ಅಂಗಡಿ ಜಾಹೀರಾತು ಹೇಳಿದ್ಲು. ಮಧ್ಯಾಹ್ನ ನಾ ಊಟಾ ಮಾಡಲಿಲ್ಲ. ಬೇಕಂತ ಬಿಟ್ಟೆ. ಸಂಜಿತನ ಹಂಗ ಕುಂತೆ.’ ಮಡಿಲಿನ ಕೈ ಎತ್ತಿ ಲ್ಯಾಪ್‌ಟಾಪನ್ನು ತುಸು ಅತ್ತ ಸರಿಸಿದರು. ‘ಒಂದು ಸಲರೆ ಬೈಲಿಲ್ಲವಾ ಅಕಿ.’

ನಾನು ಹೆಗಲಿನ ಚೀಲ ಕೆಳಗಿಟ್ಟೆ.

‘ತೆಗಿ ಅದನ್ನ. ಅಕಿ ಅಂದದ್ದ ಖರೇ. ಸೊಸೀನ ಓದ್ಲಿ ನನಗ.’

ನಾನು ಕೂತು ತೆಗೆಯತೊಡಗಿದೆ. ಒಂದೆರಡು ಕಡೆ ಒತ್ತಿದೆ. ಕೊನೆಗೆ ಪರದೆಯ ಮೇಲೆ ಒಂದು ಸಣ್ಣ ಚೌಕ ಮೂಡಿತು. ಯಾವ ಧ್ವನಿಯನ್ನು ತೆಗೆಯುತ್ತಿದ್ದೆನೋ ಅದೇ ಧ್ವನಿ ಅದನ್ನು ಓದುತ್ತದೆಂದು ನನಗಾದರೂ ಹೊಳೆಯಬೇಕಿತ್ತು. ದಿನಾ ಇದನ್ನೇ ಕಲಿಸುವವಳು ನಾನು. ಹೊಳೆದಿರಲಿಲ್ಲ.

‘ಈ ಧ್ವನಿಯನ್ನು ನಿಜವಾಗಿಯೂ ತೆಗೆದುಹಾಕಬೇಕೆ?’ ಎಂದು ಕಾಕು ಕೇಳಿದರು.

ನನ್ನ ಕೈ ಹಾಗೇ ನಿಂತಿತು. ಒತ್ತಲು ಆಗಲಿಲ್ಲ. ಉತ್ತರ ಬಾರದ್ದಕ್ಕೆ ಅದು ಇನ್ನೊಮ್ಮೆ ಕೇಳಲಿಲ್ಲ, ಸುಮ್ಮನೆ ಕಾಯುತ್ತಿತ್ತು. ಕಾಕಾ ಮುಖವನ್ನು ಆ ಧ್ವನಿ ಬಂದ ಕಡೆಗೆ ತಿರುಗಿಸಿ, ಹೆಂಡತಿಯ ಮಾತು ಕೇಳುವಾಗಿನ ಹಾಗೆಯೇ ತಲೆ ಓರೆ ಮಾಡಿ ಕೂತಿದ್ದರು. ಆಮೇಲೆ ನನ್ನ ಕೈಯನ್ನು ತಡಕಿ ಮೆಲ್ಲಗೆ ಸರಿಸಿದರು.

‘ಅತ್ತ ಸರಿ ನೀ. ಅಕಿ ನನ್ನ ಕೇಳಾಕತ್ತಾಳ.’

ಬೆರಳಿನಿಂದ ಕೀಲಿಗಳ ಅಂಚು ಸವರಿಕೊಂಡು ಬಂದು, ಬೇಕಾದದ್ದನ್ನು ಕಂಡುಕೊಂಡು, ‘ಹೂಂ’ ಎಂದು ಒತ್ತಿದರು.